ಗಾಜಿನ ಮೇಲಿನ ಒಂದು ಪ್ರಶ್ನಾರ್ಥಕ ಚಿಹ್ನೆ: ವೆಸ್ಟ್‌ಮಿನ್‌ಸ್ಟರ್ ಅಬೆಯ ಡೀನ್ ಅವರಿಗೆ ಬಹಿರಂಗ ಪತ್ರ

ವೆಸ್ಟ್‌ಮಿನ್‌ಸ್ಟರ್ ಅಬೆಯ ಮಾನ್ಯ ಡೀನ್ ಅವರಿಗೆ ಹಾಗೂ ಆಡಳಿತ ಮಂಡಳಿಯ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

ಮೂವತ್ತು ವರ್ಷ ಪದವಿ ತರಗತಿಗಳಲ್ಲಿ ಇಂಗ್ಲಿಷ್ ನಾಟಕಗಳ ಪಾಠ ಹೇಳಿ ನಿವೃತ್ತನಾಗಿರುವ ಧಾರವಾಡದ ಅಧ್ಯಾಪಕ ನಾನು. ಈಗ ಲಂಡನ್ನಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಿಮ್ಮ ಚರ್ಚಿನಲ್ಲಿ ಕವಿಗಳ ಸಮಾಧಿಗಳೂ ಸ್ಮಾರಕಗಳೂ ಇರುವ ‘ಕವಿಗಳ ಮೂಲೆ’ಯನ್ನು ನೋಡಲು ಹೋದವಳು ಅಲ್ಲಿಯ ಬಣ್ಣದ ಗಾಜಿನ ಕಿಟಕಿಯ ಚಿತ್ರವೊಂದನ್ನು ನನಗೆ ಕಳುಹಿಸಿದ್ದಾಳೆ. ಅದರಲ್ಲಿ ನಾಟಕಕಾರ ಕ್ರಿಸ್ಟಫರ್ ಮಾರ್ಲೊನ ಹೆಸರಿದೆ, ಹುಟ್ಟಿದ ವರ್ಷ 1564 ಎಂದಿದೆ, ಸತ್ತ ವರ್ಷ 1593 ಎಂದೂ ಇದೆ. ಆದರೆ ಆ 1593ಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಕೊಂಡಿದೆ. ‘ಸರ್, ಅವನು ಹೋಟೆಲಿನಲ್ಲಿ ಇರಿತಕ್ಕೆ ಸಿಕ್ಕಿ ಸತ್ತ ಎಂದು ನೀವು ಪಾಠ ಮಾಡಿದ್ದಿರಿ, ಇಲ್ಲಿ ಹೀಗೇಕಿದೆ’ ಎಂಬುದು ಅವಳ ಪ್ರಶ್ನೆ. ಅವಳಿಗೆ ಬರೆಯಹೊರಟ ಉತ್ತರ ಬೆಳೆಯುತ್ತ ಹೋದಂತೆ, ಅದನ್ನು ಕೇಳಬೇಕಾದವರು ನೀವೇ ಎಂದು ನನಗನ್ನಿಸಿತು.

ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿಯೊಂದನ್ನು ನಿಮ್ಮ ಕಚೇರಿಗೆ ಅಂಚೆಯ ಮೂಲಕ ಬೇರೆಯಾಗಿ ಕಳುಹಿಸಿದ್ದೇನೆ. ಬಹಿರಂಗ ಪತ್ರಕ್ಕೆ ವಿಳಾಸದಾರರಲ್ಲದೆ ಓದುಗರೂ ಇರುತ್ತಾರೆ. ಒಥೆಲೊನನ್ನು ಶೂರಸೇನನನ್ನಾಗಿಯೂ ಮ್ಯಾಕ್‌ಬೆತ್‌ನನ್ನು ಪ್ರತಾಪರುದ್ರದೇವನನ್ನಾಗಿಯೂ 19ನೆಯ ಶತಮಾನದಲ್ಲೇ ತಮ್ಮವರನ್ನಾಗಿ ಮಾಡಿಕೊಂಡ ಭಾಷೆಯವರಿಗೆ ಈ ವಿಷಯ ಪರದೇಶದ್ದೆಂದು ಅನ್ನಿಸಲಾರದು ಎಂಬ ನಂಬಿಕೆ ನನ್ನದು.

ಆ ಚಿಹ್ನೆಯ ಹಿಂದಿನ ಕಥೆಯನ್ನು ತಿಳಿಯದ ಓದುಗರಿಗಾಗಿ ಎರಡು ಮಾತು ಹೇಳಬೇಕು. ಷೇಕ್ಸ್‌ಪಿಯರ್ ಎಂಬ ಹೆಸರಿನಲ್ಲಿರುವ ನಾಟಕಗಳನ್ನು ಸ್ಟ್ರಾಟ್‌ಫರ್ಡ್ ಎಂಬ ಊರಿನ ಆ ಹೆಸರಿನ ವ್ಯಕ್ತಿ ಬರೆದಿಲ್ಲ, ಬೇರೆ ಯಾರೋ ಬರೆದು ಅವನ ಹೆಸರಿನ ಮರೆಯಲ್ಲಿ ನಿಂತಿದ್ದಾರೆ ಎನ್ನುವವರು ಸುಮಾರು 170 ವರ್ಷಗಳಿಂದ ಇದ್ದಾರೆ. ಆ ‘ಬೇರೆ ಯಾರೋ’ ತತ್ತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಎಂದು ಮೊದಲು ಹೇಳಿದರು; 1920ರ ನಂತರ ಆಕ್ಸ್‌ಫರ್ಡಿನ ಅರ್ಲ್ (ಸಾಮಂತ) ಎಡ್ವರ್ಡ್ ಡಿ ವೀರ್ ಎಂದರು; ಮತ್ತೊಂದು ಗುಂಪು ಮಾರ್ಲೊ ಎಂದಿತು. ಮಾರ್ಲೊ ಪಕ್ಷದವರಿಗೆ ಒಂದು ವಿಶೇಷ ತೊಡಕಿದೆ. ಅವನು 1593ರಲ್ಲೇ ಸತ್ತುಹೋದ, ಷೇಕ್ಸ್‌ಪಿಯರನ ಬಹುಪಾಲು ನಾಟಕಗಳು ಬಂದದ್ದು ಆಮೇಲೆ. ಹೀಗಾಗಿ ಅವರಿಗೆ ಮಾರ್ಲೊ ಸಾಯದೆ ಇರುವುದು ಅನಿವಾರ್ಯ: ಕೊಲೆ ಒಂದು ನಾಟಕ, ಶವ ಇನ್ನೊಬ್ಬನದು, ಕವಿ ಕಡಲಾಚೆಗೆ ತಪ್ಪಿಸಿಕೊಂಡು ಅಲ್ಲಿಂದ ನಾಟಕಗಳನ್ನು ಬರೆದು ಕಳುಹಿಸುತ್ತಿದ್ದ ಎಂಬುದು ಅವರ ವಾದ. 2002ರಲ್ಲಿ ಮಾರ್ಲೊ ಸೊಸೈಟಿಯ ಪ್ರಯತ್ನದಿಂದ ಆ ಸ್ಮಾರಕದ ಗಾಜು ನಿಮ್ಮಲ್ಲಿ ಸ್ಥಾಪನೆಯಾದಾಗ ಈ ವಾದಕ್ಕೆ ಒಂದು ಚಿಹ್ನೆಯಷ್ಟು ಜಾಗ ಸಿಕ್ಕಿತು. ಅದನ್ನು ತೆಗೆಯಬೇಕೆಂದು ಪಾಲ್ ಎಡ್ಮಂಡ್‌ಸನ್ ಮತ್ತು ಸ್ಟ್ಯಾನ್ಲಿ ವೆಲ್ಸ್ ಎಂಬ ವಿದ್ವಾಂಸರು ಹಿಂದೆಯೇ ನಿಮಗೆ ಬಹಿರಂಗವಾಗಿ ಬರೆದಿದ್ದರು. ಅವರ ಪಾಂಡಿತ್ಯ ನನಗಿಲ್ಲ. ಆದರೆ ಅವರಿಗೆ ಕಾಣಿಸದ ಒಂದೆರಡು ಸಂಗತಿಗಳು ನಾನು ನಿಂತಿರುವ ಕಡೆಯಿಂದ ಕಾಣಿಸುತ್ತವೆ.

ಮೊದಲು ಮಾರ್ಲೊನ ಸಾವನ್ನೇ ನೋಡೋಣ, ಏಕೆಂದರೆ ಆ ಕಾಲದ ಸಾಮಾನ್ಯ ಮನುಷ್ಯರಲ್ಲಿ ಇಷ್ಟು ಚೆನ್ನಾಗಿ ದಾಖಲಾದ ಸಾವು ಅಪರೂಪ. 1593ರ ಮೇ 30ರಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಲಂಡನ್ನಿನ ಪಕ್ಕದ ಡೆಟ್‌ಫರ್ಡಿನಲ್ಲಿ ಎಲಿನರ್ ಬುಲ್ ಎಂಬ ವಿಧವೆಯ ಮನೆಯಲ್ಲಿ ನಾಲ್ವರು ಸೇರಿದರು: ಮಾರ್ಲೊ, ಇಂಗ್ರಮ್ ಫ್ರೈಜರ್, ನಿಕೊಲಸ್ ಸ್ಕಿಯರ್ಸ್, ರಾಬರ್ಟ್ ಪೋಲಿ. ಮಧ್ಯಾಹ್ನ ಉಂಡರು, ತೋಟದಲ್ಲಿ ಅಡ್ಡಾಡಿದರು, ಸಂಜೆ ಮತ್ತೆ ಉಂಡರು. ಊಟದ ಲೆಕ್ಕ ಕೊಡುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಫ್ರೈಜರನ ಕೈಯಲ್ಲಿದ್ದ ಹನ್ನೆರಡು ಪೆನ್ಸ್ ಬೆಲೆಯ ಕಠಾರಿಯೊಂದು ಮಾರ್ಲೊನ ಬಲಗಣ್ಣಿನ ಮೇಲೆ ಎರಡು ಅಂಗುಲ ಆಳಕ್ಕೆ ಇಳಿಯಿತು. ಜೂನ್ 1ರಂದು ರಾಣಿಯ ಕರೋನರ್ (ಅಸಹಜ ಸಾವುಗಳ ವಿಚಾರಣಾಧಿಕಾರಿ) ವಿಲಿಯಂ ಡ್ಯಾನ್ಬಿ ಹದಿನಾರು ಜನ ಜ್ಯೂರಿಗಳನ್ನು ಕೂಡಿಸಿ, ಶವವನ್ನು ಎದುರಿಗಿಟ್ಟುಕೊಂಡು ವಿಚಾರಣೆ ನಡೆಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹದಿನಾರು ಪಂಚರ ಸಮಕ್ಷಮದಲ್ಲಿ ಆದ ಪಂಚನಾಮೆ ಅದು. ಅದೇ ದಿನ ಡೆಟ್‌ಫರ್ಡಿನ ಸಂತ ನಿಕೊಲಸ್ ಚರ್ಚಿನಲ್ಲಿ ಶವಸಂಸ್ಕಾರವಾಗಿ, ಅಲ್ಲಿಯ ದಫ್ತರಿನಲ್ಲಿ ಅದು ನಮೂದಾಯಿತು. ಕೊಂದವನ ಹೆಸರನ್ನು ಗುಮಾಸ್ತ ಇಂಗ್ರಮ್ ಎಂದು ಬರೆಯುವ ಬದಲು ಫ್ರಾನ್ಸಿಸ್ ಎಂದು ಬರೆದ. ಗುಮಾಸ್ತರು ಎಲ್ಲ ಕಾಲದಲ್ಲೂ ಗುಮಾಸ್ತರೇ. ಜೂನ್ 28ರಂದು ಫ್ರೈಜರನಿಗೆ ರಾಣಿಯ ಕ್ಷಮಾದಾನ ದೊರೆಯಿತು. ಈ ಪಂಚನಾಮೆ ಮೂರು ಶತಮಾನ ಕಡತಗಳ ನಡುವೆ ಮಲಗಿದ್ದು, 1925ರಲ್ಲಿ ಲೆಸ್ಲಿ ಹಾಟ್ಸನ್ ಎಂಬ ಸಂಶೋಧಕ ಅದನ್ನು ಪ್ರಕಟಿಸಿದ.

ಈ ದಾಖಲೆಯಲ್ಲಿ ಸಂಶಯಕ್ಕೆ ಎಡೆಯಿಲ್ಲ ಎಂದು ನಾನು ಹೇಳುವುದಿಲ್ಲ. ಪೋಲಿ ಸರ್ಕಾರದ ಗೂಢಚಾರನಾಗಿದ್ದ, ಉಳಿದಿಬ್ಬರು ಜನರ ಹಣ ನುಂಗುವುದರಲ್ಲಿ ನುರಿತವರಾಗಿದ್ದರು, ಮತ್ತು ಸಾಯುವ ಹತ್ತು ದಿನಗಳ ಹಿಂದಷ್ಟೇ ಮಾರ್ಲೊ ರಾಣಿಯ ಮಂತ್ರಿಮಂಡಲಿಯಾದ ಪ್ರಿವಿ ಕೌನ್ಸಿಲಿನ ಮುಂದೆ ಹಾಜರಾಗಿ ಬಂದಿದ್ದ. ಕೊಠಡಿಯಲ್ಲಿ ಇದ್ದವರೆಲ್ಲ ಸುಳ್ಳು ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಾಗಿದ್ದಾಗ, ಊಟದ ಬಿಲ್ಲಿಗೆ ಜಗಳವಾಯಿತು ಎಂಬ ಅವರ ಹೇಳಿಕೆಯನ್ನು ಯಾರಾದರೂ ಏಕೆ ನಂಬಬೇಕು? ಅದು ಮುಂಚಿತವಾಗಿ ಯೋಜಿಸಿದ ಕೊಲೆಯಾಗಿರಬಹುದು, ಮೇಲಿನವರ ಸನ್ನೆ ಇದ್ದಿರಬಹುದು. ಆದರೆ ಇದೆಲ್ಲ ‘ಏಕೆ ಸತ್ತ’ ಎಂಬುದರ ಪ್ರಶ್ನೆ. ನಿಮ್ಮ ಗಾಜಿನ ಮೇಲಿರುವುದು ‘ಸತ್ತನೇ’ ಎಂಬ ಪ್ರಶ್ನೆ. ಒಂದನ್ನು ತೋರಿಸಿ ಇನ್ನೊಂದನ್ನು ಮಾರುವುದು ಜಾತ್ರೆಯಲ್ಲಿ ನಡೆಯುತ್ತದೆ, ಸ್ಮಾರಕದಲ್ಲಿ ನಡೆಯಬಾರದು. ಶವ ಇನ್ನೊಬ್ಬನದಾಗಿರಬೇಕು ಎನ್ನುವವರು ಆ ಇನ್ನೊಬ್ಬ ಯಾರೆಂಬುದರಲ್ಲೇ ಒಮ್ಮತಕ್ಕೆ ಬಂದಿಲ್ಲ. ಹಿಂದಿನ ದಿನ ಗಲ್ಲಿಗೇರಿದ್ದ ಜಾನ್ ಪೆನ್ರಿಯ ಶವವೆಂದು ಕೆಲವರು ಹೇಳುತ್ತಾರೆ. ಗಲ್ಲಿಗೇರಿದವನ ಕುತ್ತಿಗೆಯನ್ನು ಹದಿನಾರು ಜನರಲ್ಲಿ ಒಬ್ಬನೂ ನೋಡಲಿಲ್ಲವೆಂದು ನಂಬುವವರು, ಹಳ್ಳಿಯವನೊಬ್ಬ ನಾಟಕ ಬರೆದ ಎಂಬುದನ್ನು ಮಾತ್ರ ನಂಬಲಾರರು.

ಷೇಕ್ಸ್‌ಪಿಯರನೇ ಈ ವಿಷಯದಲ್ಲಿ ಸಾಕ್ಷಿ ಹೇಳಿದ್ದಾನೆ. ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಫೀಬಿ ಎಂಬ ಕುರಿಗಾಹಿ ಹುಡುಗಿ, ತೀರಿಹೋದ ಕುರುಬನೊಬ್ಬನನ್ನು ನೆನೆದು, ನಿನ್ನ ಮಾತಿನ ಬಲ ಈಗ ತಿಳಿಯಿತು ಎಂದು ಹೇಳಿ, ಮೊದಲ ನೋಟದಲ್ಲೇ ಪ್ರೀತಿಸದವರು ಯಾರು ತಾನೇ ಪ್ರೀತಿಸಿದ್ದಾರೆ ಎಂಬ ಸಾಲನ್ನು ಉದ್ಧರಿಸುತ್ತಾಳೆ. ಆ ಸಾಲು ಮಾರ್ಲೊನ ‘ಹೀರೊ ಅಂಡ್ ಲಿಯಾಂಡರ್’ ಕಾವ್ಯದ್ದು; ಅದು ಅಚ್ಚಾದದ್ದು 1598ರಲ್ಲಿ, ಈ ನಾಟಕ ಅದರ ಬೆನ್ನಿಗೇ ಬಂದದ್ದು. ಅದೇ ನಾಟಕದಲ್ಲಿ ಟಚ್‌ಸ್ಟೋನ್ ಎಂಬ ವಿದೂಷಕ ಸಣ್ಣ ಕೋಣೆಯೊಂದರಲ್ಲಿ ಆದ ದೊಡ್ಡ ಲೆಕ್ಕಾಚಾರದ ಮಾತೆತ್ತುತ್ತಾನೆ, ಡೆಟ್‌ಫರ್ಡಿನ ಊಟದ ಲೆಕ್ಕ ನೆನಪಾಗುವಂತೆ. ಓರಗೆಯ ಕವಿಯೊಬ್ಬನನ್ನು ಅವನದೇ ಸಾಲಿನಿಂದ ನೆನೆಯುವ ಆ ಗಳಿಗೆ ನನಗೆ ಪಾಠ ಮಾಡುವಾಗಲೆಲ್ಲ ಗಂಟಲು ಕಟ್ಟಿಸುತ್ತಿತ್ತು. ಮಾರ್ಲೊ ಬದುಕಿದ್ದು, ಅದನ್ನು ತಾನೇ ಬರೆದು ತನ್ನನ್ನೇ ತೀರಿಹೋದವನೆಂದು ಕರೆದುಕೊಂಡ ಎನ್ನುವ ಓದಿಗೆ ಆ ಸಾಲುಗಳ ದುಃಖವೆಲ್ಲ ಒಂದು ಕಣ್ಣುಮಿಟುಕಾಗಿಬಿಡುತ್ತದೆ.

ಇನ್ನು ನಾನು ನಿಂತಿರುವ ಕಡೆಯಿಂದ ಕಾಣುವ ಸಂಗತಿಗೆ ಬರುತ್ತೇನೆ. ಸಂಶಯದ ಮೂಲದಲ್ಲಿರುವ ಮಾತು ಯಾವುದು? ಸ್ಟ್ರಾಟ್‌ಫರ್ಡಿನ ಕೈಗವಸು ಹೊಲಿಯುವವನ ಮಗ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದವನು, ಅರಮನೆಗಳನ್ನೂ ನ್ಯಾಯಾಲಯಗಳನ್ನೂ ಇಟಲಿಯನ್ನೂ ಹೀಗೆ ಬರೆಯಲು ಹೇಗೆ ಸಾಧ್ಯ ಎಂಬುದು. ಆದರೆ ಅವನ ಬದಲಿಗೆ ತರುವ ಮಾರ್ಲೊ ಯಾರು? ಕ್ಯಾಂಟರ್ಬರಿಯ ಚಪ್ಪಲಿ ಹೊಲಿಯುವವನ ಮಗ. ಇಬ್ಬರೂ 1564ರಲ್ಲಿ ಹುಟ್ಟಿದವರು. ಮಾರ್ಲೊನಿಗೆ ಫೆಬ್ರವರಿ 26ರಂದು ನಾಮಕರಣವಾಯಿತು, ಷೇಕ್ಸ್‌ಪಿಯರನಿಗೆ ಏಪ್ರಿಲ್ 26ರಂದು. ಇಬ್ಬರ ಅಪ್ಪಂದಿರ ಹೆಸರೂ ಜಾನ್. ಇಬ್ಬರ ಮನೆಯಲ್ಲೂ ಹದ ಮಾಡಿದ ತೊಗಲಿನ ವಾಸನೆ ಇತ್ತು. ಎರಡು ತಿಂಗಳ ಅಂತರದಲ್ಲಿ ಎರಡು ಚರ್ಮದ ಕಸುಬಿನ ಮನೆಗಳಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಕೇಂಬ್ರಿಜಿನ ವಿದ್ಯಾರ್ಥಿವೇತನ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಇಡೀ ವಾದ ಈ ಒಂದು ಪದವಿ ಪ್ರಮಾಣಪತ್ರದ ಮೇಲೆ ನಿಂತಿದೆ. ಪ್ರಮಾಣಪತ್ರ ಕೊಡುವ ಕೆಲಸದಲ್ಲೇ ಜೀವನ ಕಳೆದವನಾದ್ದರಿಂದ, ಅದು ಎಷ್ಟು ಭಾರ ಹೊರಬಲ್ಲದು ಎಂದು ನನಗೆ ಚೆನ್ನಾಗಿ ಗೊತ್ತು.

ಇಂಥವನು ಹೀಗೆ ಬರೆಯಬಲ್ಲನೇ ಎಂಬ ಪ್ರಶ್ನೆ ನಮ್ಮ ಸೀಮೆಯವರಿಗೆ ಹೊಸದಲ್ಲ. ಇಲ್ಲಿ ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ಬರೆದವರಿದ್ದಾರೆ. ನಮ್ಮಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲೇ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಕರೆದಿದೆ. ಕುಳಿತು ಕ್ರಮವಾಗಿ ಓದದೆಯೂ ಕಾವ್ಯವನ್ನು ಬಳಸುವುದರಲ್ಲಿ ನುರಿತವರು ಎಂದು ಅದರ ಅರ್ಥ. ಅದರಲ್ಲಿ ಸ್ವಲ್ಪ ಸ್ವಜನಪ್ರಶಂಸೆ ಇರಬಹುದು, ಒಪ್ಪುತ್ತೇನೆ. ಆದರೂ ಓದು ಮತ್ತು ಕಾವ್ಯಶಕ್ತಿ ಎರಡೂ ಒಂದೇ ಅಲ್ಲವೆಂಬ ತಿಳಿವಳಿಕೆ ಅಲ್ಲಿದೆ. ಇದಕ್ಕೂ ಮಿಗಿಲಾಗಿ, ಷೇಕ್ಸ್‌ಪಿಯರ್ ಓದದವನೂ ಅಲ್ಲ. ಅವನ ಊರಿನ ವ್ಯಾಕರಣಶಾಲೆಯಲ್ಲಿ ಆಕ್ಸ್‌ಫರ್ಡಿನಲ್ಲಿ ಕಲಿತ ಮೇಷ್ಟ್ರುಗಳಿದ್ದರು. ಅಂಥ ಶಾಲೆಗಳಲ್ಲಿ ಹುಡುಗರು ಬೆಳಗಿನಿಂದ ಸಂಜೆಯವರೆಗೆ ಲ್ಯಾಟಿನ್ ತಿದ್ದುತ್ತಿದ್ದರು. ‘ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಿ ವಿಲಿಯಂ ಎಂಬ ಹುಡುಗ ಲ್ಯಾಟಿನ್ ವಿಭಕ್ತಿಗಳಲ್ಲಿ ಎಡವುವ ದೃಶ್ಯವೊಂದಿದೆ. ಅದೇ ನಾಟಕದಲ್ಲಿ ಒಬ್ಬನ ಗಡ್ಡವನ್ನು ಕೈಗವಸಿನವನ ತೊಗಲು ಹೆರೆಯುವ ದುಂಡು ಕತ್ತಿಗೆ ಹೋಲಿಸಲಾಗಿದೆ. ಅರ್ಲ್‌ಗಳ ಮನೆಯಲ್ಲಿ ಆ ಕತ್ತಿ ಎಲ್ಲಿತ್ತು ಎಂದು ಯಾರಾದರೂ ಕೇಳಬೇಕು.

ಸಂಶಯಿಗಳ ಉಳಿದ ಮಾತುಗಳನ್ನು ಬೇಗ ಮುಗಿಸುತ್ತೇನೆ. ಅವನ ನಾಟಕಗಳ ಹಸ್ತಪ್ರತಿಗಳು ಉಳಿದಿಲ್ಲ ಎನ್ನುತ್ತಾರೆ. ಆ ಕಾಲದ ಬಹುತೇಕ ಎಲ್ಲ ನಾಟಕಕಾರರ ಗತಿಯೂ ಅದೇ. ಉಯಿಲಿನಲ್ಲಿ ಪುಸ್ತಕಗಳ ಉಲ್ಲೇಖವಿಲ್ಲ ಎನ್ನುತ್ತಾರೆ. ಮನೆಯ ವಸ್ತುಗಳನ್ನು ನಮೂದಿಸುವ ಪಟ್ಟಿ ಬೇರೆಯಿರುತ್ತಿತ್ತು, ಅದು ಉಳಿದಿಲ್ಲ. ಅವನ ಆರು ಸಹಿಗಳಲ್ಲಿ ಅಕ್ಷರಗಳು ಒಂದರಂತೆ ಒಂದಿಲ್ಲ ಎನ್ನುತ್ತಾರೆ. ಮಾರ್ಲೊನದಾಗಿ ನಮಗುಳಿದಿರುವುದು ಒಂದೇ ಒಂದು ಸಹಿ, ಅದರಲ್ಲೂ ಅವನು ‘ಮಾರ್ಲಿ’ ಎಂದು ಬರೆದುಕೊಂಡಿದ್ದಾನೆ. ಅಳತೆಗೋಲು ಒಂದೇ ಆಗಿದ್ದರೆ ಇಬ್ಬರೂ ಬೀಳಬೇಕು, ಇಲ್ಲವೇ ಇಬ್ಬರೂ ನಿಲ್ಲಬೇಕು. ಮಗಳು ಜುಡಿತ್ ಸಹಿಯ ಬದಲು ಗುರುತು ಹಾಕಿದಳು ಎಂಬ ಮಾತೊಂದು ಮಾತ್ರ ನನ್ನನ್ನು ನೋಯಿಸುತ್ತದೆ. ಆದರೆ ಅದು ಆ ಅಪ್ಪನ, ಆ ಕಾಲದ ಬಗ್ಗೆ ಹೇಳುವ ಮಾತು. ನಾಟಕಗಳನ್ನು ಯಾರು ಬರೆದರು ಎಂಬುದಕ್ಕೆ ಅದು ಉತ್ತರವಾಗದು.

ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಸಾಕ್ಷ್ಯ ನಾಟಕಗಳ ಒಳಗೇ ಇದೆ, ಅದನ್ನು ಕಾಣಲು ಕಂಪನಿ ನಾಟಕಗಳನ್ನು ಬಲ್ಲ ಕನ್ನಡಿಗನಿಗೆ ಹೆಚ್ಚು ಶ್ರಮ ಬೇಕಿಲ್ಲ. ನಮ್ಮ ವೃತ್ತಿರಂಗಭೂಮಿಯಲ್ಲಿ ‘ಕಂಪನಿ ಕವಿ’ ಎಂಬ ಒಂದು ಹುದ್ದೆಯೇ ಇತ್ತು. ಆ ಕವಿ ಮಂಡಳಿಯ ಜೊತೆಗೇ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿದ್ದ. ಯಾವ ನಟನ ಗಂಟಲಿಗೆ ಯಾವ ಮಟ್ಟು ಒಗ್ಗುತ್ತದೆ, ಯಾರು ಅಳಿಸಬಲ್ಲರು, ಯಾರು ಹಾಸ್ಯ ಮಾಡಲು ಬಿಟ್ಟರೆ ಗಂಟೆಗಟ್ಟಲೆ ಎಳೆಯುತ್ತಾರೆ ಎಂದು ತಿಳಿದು ಪಾತ್ರ ಕಟ್ಟುತ್ತಿದ್ದ. ತಾಲೀಮಿನಲ್ಲಿ ಮಾತು ಬದಲಿಸುತ್ತಿದ್ದ. ಷೇಕ್ಸ್‌ಪಿಯರ್ ಅಕ್ಷರಶಃ ಅಂಥ ಕಂಪನಿ ಕವಿ. 1594ರ ಕ್ರಿಸ್‌ಮಸ್ ಕಾಲದಲ್ಲಿ ರಾಣಿಯ ಮುಂದೆ ಆಡಿದ ನಾಟಕಗಳ ಹಣವನ್ನು ಅವನ ಕಂಪನಿಯಾದ ಲಾರ್ಡ್ ಚೇಂಬರ್ಲೇನನ ಮಂಡಳಿಯ ಪರವಾಗಿ ಪಡೆದವರ ಹೆಸರುಗಳು ದಾಖಲೆಯಲ್ಲಿವೆ: ಹಾಸ್ಯನಟ ವಿಲ್ ಕೆಂಪ್, ವಿಲಿಯಂ ಷೇಕ್ಸ್‌ಪಿಯರ್, ರಿಚರ್ಡ್ ಬರ್ಬೇಜ್. 1600ರಲ್ಲಿ ಅಚ್ಚಾದ ‘ಮಚ್ ಅಡೂ ಅಬೌಟ್ ನಥಿಂಗ್’ ಪ್ರತಿಯಲ್ಲಿ ಡಾಗ್‌ಬೆರಿ ಎಂಬ ಕಾವಲುಗಾರನ ಮಾತುಗಳ ಮುಂದೆ ಹಲವು ಕಡೆ ಪಾತ್ರದ ಹೆಸರಿಲ್ಲ, ‘ಕೆಂಪ್’ ಎಂದಿದೆ. ಅವನ ಜೊತೆಗಾರನ ಮಾತುಗಳ ಮುಂದೆ ‘ಕೌಲಿ’ ಎಂಬ ಇನ್ನೊಬ್ಬ ನಟನ ಹೆಸರಿದೆ. ಬರೆಯುವವನ ಕಣ್ಣೆದುರು ಪಾತ್ರ ನಿಂತಿರಲಿಲ್ಲ, ಆ ಪಾತ್ರವನ್ನು ಆಡುವ ಗೆಳೆಯ ನಿಂತಿದ್ದ. ಕೆಂಪ್ 1599ರ ಸುಮಾರಿಗೆ ಮಂಡಳಿ ಬಿಟ್ಟ, ಅವನ ಜಾಗಕ್ಕೆ ಹಾಡಬಲ್ಲ, ಸೂಕ್ಷ್ಮ ಮಾತಿನ ರಾಬರ್ಟ್ ಆರ್ಮಿನ್ ಬಂದ. ಕೂಡಲೇ ನಾಟಕಗಳಲ್ಲಿ ಹಳ್ಳಿಗಮಾರ ಹಾಸ್ಯಗಾರರು ಹಿಂದೆ ಸರಿದು ‘ಟ್ವೆಲ್ತ್ ನೈಟ್’ ನಾಟಕದ ಫೆಸ್ಟೆಯಂಥ, ಲಿಯರ್ ದೊರೆಯ ವಿದೂಷಕನಂಥ, ನಗಿಸುತ್ತಲೇ ಇರಿಯುವ ಮಾತುಗಾರರು ಬಂದರು. ಕಡಲಾಚೆ ಅಡಗಿ ಕುಳಿತವನಿಗೆ, ಇಲ್ಲವೇ ಅರಮನೆಯಲ್ಲಿದ್ದುಕೊಂಡು ಗುಟ್ಟಾಗಿ ಬರೆಯುವವನಿಗೆ, ಮಂಡಳಿಯಲ್ಲಿ ಯಾರು ಬಿಟ್ಟರು ಯಾರು ಸೇರಿದರು ಎಂಬುದು ತಾಲೀಮಿನ ಹೊತ್ತಿಗೆ ಹೇಗೆ ತಿಳಿಯುತ್ತಿತ್ತು? ಒಂದು ನಾಟಕವಾದರೆ ಸರಿ, ಇಪ್ಪತ್ತು ವರ್ಷಗಳ ಕಾಲ? ನಾಟಕ ಮಂಡಳಿಯೊಂದರಲ್ಲಿ ಒಂದು ಗುಟ್ಟು ಒಂದು ಕ್ಯಾಂಪು ದಾಟಿ ಉಳಿದ ನಿದರ್ಶನ ನನಗಂತೂ ಗೊತ್ತಿಲ್ಲ.

ಆಕ್ಸ್‌ಫರ್ಡಿನ ಅರ್ಲ್‌ನ ವಿಷಯ ನಿಮ್ಮ ಕಿಟಕಿಗೆ ನೇರವಾಗಿ ಸೇರಿದ್ದಲ್ಲ. ಆದರೂ ಇಂದು ಅವನ ಪಕ್ಷವೇ ದೊಡ್ಡದಾದ್ದರಿಂದ ಒಂದು ಮಾತು. ಅವನು 1604ರಲ್ಲಿ ತೀರಿಕೊಂಡ. 1740ರಲ್ಲಿ ನಿಮ್ಮ ಅಬೆಯಲ್ಲಿ ನಿಲ್ಲಿಸಿದ ಷೇಕ್ಸ್‌ಪಿಯರ್ ಮೂರ್ತಿ ಬೆರಳಿಟ್ಟು ತೋರಿಸುವ ಸಾಲುಗಳು ‘ಟೆಂಪೆಸ್ಟ್’ ನಾಟಕದ್ದು. ಆ ನಾಟಕದ ಹಿಂದೆ 1609ರಲ್ಲಿ ಬರ್ಮುಡಾ ದ್ವೀಪಗಳ ಬಳಿ ಒಡೆದ ಹಡಗಿನ ಸುದ್ದಿಯಿದೆ. 1598ರಲ್ಲಿ ಫ್ರಾನ್ಸಿಸ್ ಮೆರಿಸ್ ಎಂಬಾತ ಪ್ರಕಟಿಸಿದ ಒಂದೇ ಪುಸ್ತಕದಲ್ಲಿ ಮೂರು ಸಂಗತಿಗಳು ಸಿಗುತ್ತವೆ: ಷೇಕ್ಸ್‌ಪಿಯರನ ಹನ್ನೆರಡು ನಾಟಕಗಳ ಹೆಸರು, ಹರ್ಷನಾಟಕ ಬಲ್ಲವರ ಪಟ್ಟಿಯಲ್ಲಿ ಆಕ್ಸ್‌ಫರ್ಡಿನ ಅರ್ಲ್ ಮತ್ತು ಷೇಕ್ಸ್‌ಪಿಯರ್ ಬೇರೆಬೇರೆಯಾಗಿ, ಹಾಗೂ ಮಾರ್ಲೊ ಇರಿತಕ್ಕೆ ಸತ್ತ ಸುದ್ದಿ. ಸಮಕಾಲೀನನೊಬ್ಬ ಮೂವರನ್ನೂ ಮೂವರೆಂದೇ ಬಲ್ಲವನಾಗಿದ್ದ.

ನಿಮ್ಮ ಅಬೆಗೆ ಈ ಸಂಶಯದ ಸಂಪರ್ಕ ಇದು ಮೊದಲಲ್ಲ. 1938ರಲ್ಲಿ ಬೇಕನ್ ಪಕ್ಷದವರ ಕೋರಿಕೆಗೆ ಒಪ್ಪಿ, ಕವಿ ಸ್ಪೆನ್ಸರನ ಸಮಾಧಿಯನ್ನು ಹುಡುಕಿ ನೆಲ ಅಗೆಯಲು ಅಂದಿನ ಆಡಳಿತ ಅನುಮತಿ ಕೊಟ್ಟಿತ್ತು. ಸ್ಪೆನ್ಸರನ ಅಂತ್ಯಕ್ರಿಯೆಯಲ್ಲಿ ಕವಿಗಳು ಗುಂಡಿಗೆ ಎಸೆದಿದ್ದರೆನ್ನಲಾದ ಶೋಕಗೀತೆಗಳಲ್ಲಿ ಷೇಕ್ಸ್‌ಪಿಯರನದೂ ಇದ್ದರೆ ಅಕ್ಷರ ಹೋಲಿಸಿ ನೋಡಬಹುದೆಂಬ ಆಸೆ ಅವರದಾಗಿತ್ತು. ಹಾಳೆ ಸಿಗಲಿಲ್ಲ. 1956ರಲ್ಲಿ ಕ್ಯಾಲ್ವಿನ್ ಹಾಫ್‌ಮನ್ ಎಂಬ ಅಮೆರಿಕದವನು, ಮಾರ್ಲೊನ ಹಸ್ತಪ್ರತಿಗಳಿಗಾಗಿ ಚಿಜಲ್‌ಹರ್ಸ್ಟ್ ಎಂಬಲ್ಲಿ ಅವನ ಪೋಷಕನಾಗಿದ್ದ ವಾಲ್ಸಿಂಗಮ್‌ನ ಮನೆತನದ ಸಮಾಧಿಯನ್ನು ತೆರೆಸಿದ, ಸಿಕ್ಕಿದ್ದು ಮರಳು. ಅಗೆಯುವುದರಲ್ಲಿ ತಪ್ಪಿಲ್ಲ, ನಾನೂ ಅಗೆಯುತ್ತಿದ್ದೆನೇನೋ. ಆದರೆ ಖಾಲಿ ಸಿಕ್ಕಿದ ಮೇಲೂ ನಂಬಿಕೆ ಒಂದು ಗುಲಗಂಜಿಯಷ್ಟೂ ತೂಕ ಇಳಿಸದಿದ್ದರೆ ಅದನ್ನು ಸಂಶಯವೆಂದು ಕರೆಯಲು ನನಗೆ ಮನಸ್ಸಾಗದು.

ಸಂಶಯವೆಂದರೆ ಏನೆಂದು ತಿಳಿಯಲು ಅದೇ ಕ್ಷೇತ್ರದ ಇನ್ನೊಂದು ಮೂಲೆಯನ್ನು ನೋಡಬೇಕು. ಷೇಕ್ಸ್‌ಪಿಯರ್ ಎಲ್ಲವನ್ನೂ ಒಬ್ಬನೇ ಬರೆಯಲಿಲ್ಲ ಎಂಬುದನ್ನು ವಿದ್ವಾಂಸರು 19ನೆಯ ಶತಮಾನದಿಂದಲೂ ಸಾಲುಸಾಲು ಎಣಿಸಿ ತೋರಿಸುತ್ತ ಬಂದಿದ್ದಾರೆ. ‘ಟೈಟಸ್ ಆಂಡ್ರಾನಿಕಸ್’ನಲ್ಲಿ ಜಾರ್ಜ್ ಪೀಲ್, ‘ಟೈಮನ್’ನಲ್ಲಿ ಥಾಮಸ್ ಮಿಡ್ಲ್‌ಟನ್, ‘ಪೆರಿಕ್ಲಿಸ್’ನಲ್ಲಿ ಜಾರ್ಜ್ ವಿಲ್ಕಿನ್ಸ್, ‘ಎಂಟನೆಯ ಹೆನ್ರಿ’ಯಲ್ಲಿ ಜಾನ್ ಫ್ಲೆಚರ್ ಇದ್ದಾರೆ. ಛಂದಸ್ಸಿನ ಎಡವು, ಕೂಡುಪದಗಳ ಚಾಳಿ, ಕಾಗುಣಿತದ ಅಭ್ಯಾಸ, ಇಂಥ ಸಣ್ಣ ಸಾಮಾನುಗಳಿಂದ ಈ ಕೆಲಸ ನಡೆಯುತ್ತದೆ. ಬ್ರಿಟಿಷ್ ಲೈಬ್ರರಿಯಲ್ಲಿರುವ ‘ಸರ್ ಥಾಮಸ್ ಮೋರ್’ ನಾಟಕದ ಹಸ್ತಪ್ರತಿಯಲ್ಲಿ ಹಲವರ ಕೈಬರಹಗಳಿದ್ದು, ಮೂರು ಪುಟಗಳನ್ನು ಷೇಕ್ಸ್‌ಪಿಯರನದೆಂದು ಹಲವರು ಗುರುತಿಸಿದ್ದಾರೆ. ಮೌನ ಎಂಬರ್ಥದ ಒಂದು ಪದಕ್ಕೆ ಅಲ್ಲಿ ಬಳಸಿರುವ ವಿಚಿತ್ರ ಕಾಗುಣಿತವೇ ‘ನಾಲ್ಕನೆಯ ಹೆನ್ರಿ’ಯ ಎರಡನೆಯ ಭಾಗದ ಅಚ್ಚಿನಲ್ಲೂ ಇಣುಕಿರುವುದು ಅದಕ್ಕೊಂದು ಆಧಾರ. ಡೊನಾಲ್ಡ್ ಫಾಸ್ಟರ್ ಎಂಬ ಅಮೆರಿಕದ ಪ್ರಾಧ್ಯಾಪಕ 1612ರ ಶೋಕಗೀತೆಯೊಂದನ್ನು ಷೇಕ್ಸ್‌ಪಿಯರನದೆಂದು ಸಾರಿ ಹೆಸರು ಮಾಡಿದ್ದ. ಅದು ಜಾನ್ ಫೋರ್ಡ್ ಎಂಬುವನದೆಂದು ಬೇರೆಯವರು ತೋರಿಸಿದಾಗ 2002ರಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡ. ನಿಮ್ಮಲ್ಲಿ ಪ್ರಶ್ನಾರ್ಥಕ ಚಿಹ್ನೆ ಏರಿದ ವರ್ಷವೂ ಅದೇ.

ಈ ದಾರಿಯಲ್ಲಿ ಹೋದರೆ ಮಾರ್ಲೊನಿಗೂ ಅವನ ಪಾಲು ಸಿಗುತ್ತದೆ. 2016ರಲ್ಲಿ ಹೊರಬಂದ ಆಕ್ಸ್‌ಫರ್ಡಿನ ಹೊಸ ಸಂಪುಟಗಳಲ್ಲಿ ‘ಆರನೆಯ ಹೆನ್ರಿ’ಯ ಮೂರೂ ಭಾಗಗಳಿಗೆ ಮಾರ್ಲೊನನ್ನು ಸಹಕರ್ತೃವೆಂದು ಹೆಸರಿಸಲಾಯಿತು. ಅದನ್ನು ಎಲ್ಲರೂ ಒಪ್ಪಿಲ್ಲ, ಚರ್ಚೆ ನಡೆಯುತ್ತಿದೆ. ನನ್ನ ಕಿವಿಗೂ ಅಲ್ಲಿಯ ಕೆಲವು ಭಾಗಗಳಲ್ಲಿ ಅವನ ಗುಡುಗು ಕೇಳಿಸುತ್ತದೆ, ಕೆಲವು ಕಡೆ ಕೇಳಿಸುವುದಿಲ್ಲ. ಇಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ನಾನು ಎದ್ದುನಿಂತು ಒಪ್ಪುತ್ತೇನೆ. ಮೇಲೆ ಹೇಳಿದ ನಮ್ಮ ‘ಕವಿರಾಜಮಾರ್ಗ’ಕ್ಕೂ ಇಂಥದೇ ಚಿಹ್ನೆಯೊಂದಿದೆ. ರಾಷ್ಟ್ರಕೂಟ ದೊರೆ ನೃಪತುಂಗನೇ ಅದರ ಕರ್ತೃವೆಂದು ಒಂದು ಕಾಲಕ್ಕೆ ತಿಳಿಯಲಾಗಿತ್ತು. ಆದರೆ ಗ್ರಂಥ ತನ್ನನ್ನು ‘ನೃಪತುಂಗದೇವಾನುಮತ’ ಎಂದು ಕರೆದುಕೊಂಡಿದೆ. ದೊರೆ ಒಪ್ಪಿದ್ದು ಎಂದರೆ ದೊರೆ ಬರೆದದ್ದು ಎಂದಾಗುವುದೇ? ಮುಂದಿನ ಕವಿ ದುರ್ಗಸಿಂಹ ಶ್ರೀವಿಜಯನ ಕವಿಮಾರ್ಗವನ್ನು ಹೆಸರು ಹಿಡಿದು ಕೊಂಡಾಡಿದ್ದಾನೆ. ಹೀಗೆ ಗ್ರಂಥದ ಒಳಗಿನ ಮಾತು, ಹೊರಗಿನ ಸಾಕ್ಷ್ಯ ಎರಡನ್ನೂ ಹಿಡಿದು ನಮ್ಮ ವಿದ್ವಾಂಸರು ಆಸ್ಥಾನದ ಕವಿ ಶ್ರೀವಿಜಯನ ಕಡೆಗೆ ವಾಲಿದರು. ಅಲ್ಲಿ ವಾದ ದೊರೆಯಿಂದ ಕವಿಯ ಕಡೆಗೆ ಸಾಗಿತು. ನಿಮ್ಮಲ್ಲಿ ಕವಿಯಿಂದ ದೊರೆಗಳ ಕಡೆಗೆ ಸಾಗಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಗ್ಲೆಂಡಿನಲ್ಲೂ ಇರಬೇಕು.

ಒಂದು ಚಿಹ್ನೆಯಿಂದ ಯಾರಿಗೇನು ನಷ್ಟ, ಅದು ಕೇವಲ ಮುಕ್ತ ಮನಸ್ಸಿನ ಗುರುತು ಎಂದು ನೀವು ಹೇಳಬಹುದು. ಪುಸ್ತಕದಲ್ಲಿ, ಸಭೆಯಲ್ಲಿ, ರಂಗದ ಮೇಲೆ ಯಾರು ಏನನ್ನಾದರೂ ಸಂಶಯಿಸಲಿ; 2007ರಲ್ಲಿ ಡೆರೆಕ್ ಜಾಕೊಬಿ ಮತ್ತು ಮಾರ್ಕ್ ರೈಲನ್ಸ್ ಅವರಂಥ ದೊಡ್ಡ ನಟರೇ ಸಂಶಯದ ಘೋಷಣೆಯೊಂದನ್ನು ಬಿಡುಗಡೆ ಮಾಡಿದರು, ಅದರಿಂದ ಅವರ ನಟನೆಯ ಮೇಲಿನ ನನ್ನ ಗೌರವ ಕುಂದಿಲ್ಲ. ಆದರೆ ಅಬೆಯ ಗಾಜು ಚರ್ಚೆಯ ವೇದಿಕೆಯಲ್ಲ, ಅದು ಶಾಸನ. ಶಾಸನದ ಮೇಲೆ ಕೆತ್ತಿದ್ದನ್ನು ಜನ ಪರೀಕ್ಷಿಸದೆ ನಂಬುತ್ತಾರೆ, ನಂಬಬೇಕೆಂದೇ ಅದನ್ನು ಕೆತ್ತುವುದು. ನನ್ನ ವಿದ್ಯಾರ್ಥಿನಿ ಮೇಷ್ಟ್ರ ಮಾತಿಗಿಂತ ನಿಮ್ಮ ಗಾಜನ್ನು ನಂಬಲು ಹೊರಟದ್ದು ಇದೇ ಕಾರಣಕ್ಕೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ನಿಮ್ಮ ನೆಲದಲ್ಲೇ ಇನ್ನೊಬ್ಬ ಸಾಕ್ಷಿ ನಿಂತಿದ್ದಾನೆ. ನಾಟಕಕಾರ ಬೆನ್ ಜಾನ್ಸನ್‌ನನ್ನು ನಿಮ್ಮಲ್ಲಿ ನಿಂತ ಭಂಗಿಯಲ್ಲೇ ಹೂಳಲಾಗಿದೆ ಎನ್ನುತ್ತಾರೆ. ಅವನು ಷೇಕ್ಸ್‌ಪಿಯರನನ್ನು ಬಲ್ಲವನು, ಅವನ ಜೊತೆ ಕೆಲಸ ಮಾಡಿದವನು, ಹೊಗಳುವುದರಲ್ಲಿ ಜಿಪುಣ; ಆ ಮನುಷ್ಯ ಒಂದು ಸಾಲನ್ನೂ ಹೊಡೆದು ಹಾಕಲಿಲ್ಲವೆಂದು ನಟರು ಕೊಂಡಾಡಿದಾಗ, ಸಾವಿರ ಸಾಲು ಹೊಡೆದು ಹಾಕಿದ್ದರೆ ಚೆನ್ನಾಗಿತ್ತು ಎಂದವನು. ಅಂಥವನೇ ಷೇಕ್ಸ್‌ಪಿಯರನ ನಾಟಕಗಳ 1623ರ ಸಂಪುಟಕ್ಕೆ ಬರೆದ ಕವಿತೆಯಲ್ಲಿ ಗೆಳೆಯನನ್ನು ಸ್ಟ್ರಾಟ್‌ಫರ್ಡಿನಲ್ಲಿ ಹರಿಯುವ ಏವನ್ ನದಿಯ ಹಂಸ ಎಂದು ಕರೆದ, ಮತ್ತು ಅವನಿಗೆ ಜಾಗ ಮಾಡಿಕೊಡಲು ಹಿಂದಿನ ಕವಿಗಳಾದ ಚಾಸರ್, ಸ್ಪೆನ್ಸರ್, ಬ್ಯೂಮಂಟ್‌ರನ್ನು ತುಸು ಸರಿಯಿರೆಂದು ತಾನು ಕೇಳುವುದಿಲ್ಲ ಎಂದ. ಆ ಮೂವರೂ ಮಲಗಿರುವುದು ನಿಮ್ಮಲ್ಲೇ. ಸ್ಟ್ರಾಟ್‌ಫರ್ಡಿನ ಕವಿ ನಿಮ್ಮ ಅಬೆಯಲ್ಲಿ ಮಲಗಬೇಕಿತ್ತೇ ಎಂಬ ಚರ್ಚೆ ಅವನು ಸತ್ತ ಕೆಲವೇ ವರ್ಷಗಳಲ್ಲಿ ನಡೆದಿತ್ತು. ಅವನು ಕವಿಯೇ ಎಂಬ ಚರ್ಚೆ ಆಗ ಯಾರಿಗೂ ಹೊಳೆದಿರಲಿಲ್ಲ.

ನನ್ನ ಕೋರಿಕೆ ಚಿಕ್ಕದು. ಮಾರ್ಲೊನ ಹೆಸರನ್ನಾಗಲಿ ಕಿಟಕಿಯನ್ನಾಗಲಿ ಮುಟ್ಟಬೇಡಿ. ಅವನು ಅಲ್ಲಿಗೆ ಬರಲು ನಾಲ್ಕು ನೂರು ವರ್ಷ ಕಾಯಬೇಕಾಯಿತು, ಅದೇ ತಡ. ಅವನ ಸಾವಿನ ವರ್ಷದ ಪಕ್ಕದಿಂದ ಆ ಚಿಹ್ನೆಯನ್ನು ಮಾತ್ರ ತೆಗೆಸಿಕೊಡಿ. ಗಾಜನ್ನು ಕೆದಕುವುದು ಕಷ್ಟವೆಂದು ನಿಮ್ಮ ಕುಶಲಕರ್ಮಿಗಳು ಹೇಳಿದರೆ, ಕೆಳಗೆ ಗೋಡೆಯ ಬಳಿ ಒಂದು ಸಣ್ಣ ಫಲಕ ಇಡಬಹುದು: ಡೆಟ್‌ಫರ್ಡ್, 1593ರ ಜೂನ್ 1, ಕರೋನರ್ ವಿಲಿಯಂ ಡ್ಯಾನ್ಬಿ, ಹದಿನಾರು ಜ್ಯೂರಿಗಳು. ಅಷ್ಟು ಸಾಕು, ಓದಿದವರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.

ನಿಮ್ಮ ಉತ್ತರ ಬಂದರೆ ಅದನ್ನೂ ಕನ್ನಡಕ್ಕೆ ಅನುವಾದಿಸಿ ಇದೇ ಓದುಗರ ಮುಂದಿಡುತ್ತೇನೆ. ಎಲಿನರ್ ಬುಲ್‌ಳ ಮನೆ ಹೋಟೆಲಾಗಿರಲಿಲ್ಲ, ಆ ವಿಷಯದಲ್ಲಿ ನಾನು ಮೂವತ್ತು ವರ್ಷ ತಪ್ಪು ಪಾಠ ಮಾಡಿದೆ ಎಂದು ನನ್ನ ವಿದ್ಯಾರ್ಥಿನಿಗೆ ಮೊನ್ನೆಯೇ ಬರೆದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ನಿವೃತ್ತ ಇಂಗ್ಲಿಷ್ ಅಧ್ಯಾಪಕ